ತಾರೀಖು ಬಿದ್ದ ಕಲ್ಲು

"ಹುಟ್ಟಿದ ತಾರೀಖು ಹಾಕು, ಸತ್ತ ತಾರೀಖಿನ ಜಾಗ ಖಾಲಿ ಬಿಡು" ಅಂತ ದೇವೀಂದ್ರಪ್ಪ ಮೂರು ಸಲ ಹೇಳಿದ್ದ. ಕಲ್ಲು ಕೆತ್ತುವ ಮೆಹತಾಬ್ ಮೂರು ಸಲವೂ ತಲೆಯಾಡಿಸಿದ್ದ. ಆದರೆ ಶಹಾಬಾದಿನ ಪಾಲಿಶ್ ಕಾರ್ಖಾನೆಗಳಲ್ಲಿ ಈಗ ಕಲ್ಲಿನ ಮೇಲೆ ಅಕ್ಷರ ಕೊರೆಯುವುದು ಮನುಷ್ಯರ ಉಳಿಯಲ್ಲ, ಕಂಪ್ಯೂಟರಿನ ಮಷೀನು. ಅದಕ್ಕೆ ಯಾರೂ ಒಂದು ಸಲವೂ ಹೇಳಿರಲಿಲ್ಲ.

"ಖಾಲಿ ಬಿಟ್ರ ಅದು ತಂತಾನೇ ಆವತ್ತಿನ ತಾರೀಖು ಹಾಕ್ತದ, ಕಾಕಾ," ಎಂದ ಮೆಹತಾಬ್, ಕಲ್ಲಿನ ಮೇಲಿನ ಬಿಳಿ ಹುಡಿ ಊದುತ್ತ. "ಹಳೇ ಮಷೀನು. ಖಾಲಿ ಜಾಗ ಅಂದ್ರ ಅದಕ್ಕ ತಿಳಿಯಂಗಿಲ್ಲ."

ಹುಡಿ ಹಾರಿತು. ಬೂದು ಬಣ್ಣದ ನುಣುಪು ಪರಸಿ ಕಲ್ಲಿನ ಮೇಲೆ ದೇವೀಂದ್ರಪ್ಪ ಇವತ್ತು ತೀರಿಕೊಂಡಿದ್ದ. ಹೆಸರು, ಹುಟ್ಟು, ಸಾವು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಓಟ ಮುಗಿಸಿ ವಿಶ್ರಾಂತಿಗೆ ಹೋದವರು.' ಅಕ್ಷರ ಮಾತ್ರ ಮದುವೆ ಪತ್ರಿಕೆಯ ಹಾಗೆ ಚಂದ ಬಂದಿದ್ದವು. ದೇವೀಂದ್ರಪ್ಪ ಸಾವಿನ ತಾರೀಖನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ.

"ಅಳಿಸು."

"ಕಲ್ಲು ಇದು, ಪಾಟಿ ಅಲ್ಲ. ಪುಡಿ, ಅಂಟು ಕಲಸಿ ತುಂಬ್ತೀನಿ. ನೀವು ಚಾ ಕುಡುದು ಬರ್ರಿ."

ಬದುಕಿರುವ ಮನುಷ್ಯ ತನ್ನ ಗೋರಿಯ ಕಲ್ಲು ಕೆತ್ತಿಸುವುದು ಕೇಳಿದವರಿಗೆ ವಿಚಿತ್ರ. ಕಲ್ಲು ಒಡೆಯುವವರ ಕೇರಿಗೆ ಅಲ್ಲ. ಜೀವನವೆಲ್ಲ ಊರೂರಿನ ಬಂಗಲೆಗಳಿಗೆ ನೆಲ ಕಡಿದು ಕಳಿಸಿ, ತಾವು ಮಣ್ಣು ನೆಲದ ಮೇಲೆ ಮಲಗಿದವರು, ಕಡೆಗೆ ತಲೆಯ ಹತ್ತಿರ ನಿಲ್ಲುವ ಒಂದು ಕಲ್ಲನ್ನಾದರೂ ತಾವೇ ನೋಡಿ ಆರಿಸಿಕೊಳ್ಳುತ್ತಾರೆ. ಅರವತ್ತೆಂಟಕ್ಕೆ ದೇವೀಂದ್ರಪ್ಪನೂ ಆರಿಸಿದ್ದ. ಅವನ ಲೆಕ್ಕದಲ್ಲಿ ಅವನ ಕೆಲಸ ಯಾವಾಗಲೋ ಮುಗಿದಿತ್ತು.

ತೊಂಬತ್ತೆಂಟನೇ ಇಸವಿಯಲ್ಲಿ ಕುಡಿತ ಬಿಟ್ಟು ಯೇಸುವಿನ ದಾರಿಗೆ ಬಂದವ ಅವನು. ಆಗ ಅವನ ಒಳಗೆ ಬೆಂಕಿ ಇತ್ತು. ಊರ ಸ್ಮಶಾನದೊಳಗೆ ಕೇರಿಯ ಹೆಣಕ್ಕೆ ಜಾಗವಿರಲಿಲ್ಲ. ರೈಲ್ವೆ ಕಾಲೋನಿಯ ದೊಡ್ಡ ಚರ್ಚಿನವರು, ದೇವರ ಮುಂದೆ ಎಲ್ಲರೂ ಒಂದೇ ಎಂದು ಭಾನುವಾರ ಹಾಡಿ, ಸೋಮವಾರ ತಮ್ಮ ಗೋರಿದೊಡ್ಡಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ದೇವೀಂದ್ರಪ್ಪ ಮೂರು ವರ್ಷ ಪ್ರತಿ ಸೋಮವಾರ ತನ್ನೂರು ವಾಡಿಯಿಂದ ಚಿತ್ತಾಪುರಕ್ಕೆ ನಡೆದು ಹೋಗಿ ತಾಲೂಕು ಕಚೇರಿಯ ಬಾಗಿಲಲ್ಲಿ ಕೂತ. ಎರಡು ಸಾವಿರದ ಒಂದರಲ್ಲಿ ಅಧಿಕಾರಿಗಳು ಬೇಸತ್ತು ಬಂದು, ಒಂದೆಕರೆ ಅಳೆದು, ನಾಲ್ಕು ಮೂಲೆಗೆ ಕಲ್ಲು ನೆಟ್ಟು ಹೋದರು. ಕೇರಿ ಅವನಿಗೆ ಹಾರ ಹಾಕಿತು. ತನ್ನ ಸಣ್ಣ ಚರ್ಚಿನಲ್ಲಿ ಮುಂದಿನ ಕುರ್ಚಿ ಕೊಟ್ಟಿತು. ಅವನು ಕೂತ. ಆಮೇಲೆ ಏಳಲಿಲ್ಲ.

ಅಳತೆಯಾಯಿತೇ ಹೊರತು ಆದೇಶ ಬರಲಿಲ್ಲ. ಆದೇಶವಿಲ್ಲದೆ ಅಲ್ಲಿ ಹೂಳಲು ಪೊಲೀಸರು ಬಿಡುವುದಿಲ್ಲ. ಯಾರನ್ನೂ ಹೂಳದ ಜಾಗವನ್ನು ಸ್ಮಶಾನ ಅಂತ ಕಚೇರಿ ಬರೆಯುವುದಿಲ್ಲ. ಈ ಎರಡು ಮಾತುಗಳ ನಡುವೆ ಸರ್ಕಾರ ಇಪ್ಪತ್ಮೂರು ವರ್ಷ ಆರಾಮವಾಗಿ ಕೂತಿತ್ತು. ಕೇರಿಯವರು ತಮ್ಮ ಹೆಣಗಳನ್ನು ರೈಲು ಹಳಿಯ ಪಕ್ಕದ ತಗ್ಗಿನಲ್ಲಿ ಕಳ್ಳರ ಹಾಗೆ ಹೂಳುತ್ತಿದ್ದರು. ಪಕ್ಕದ ಕಲ್ಲು ಖಣಿ ದಿನಕ್ಕೊಂದು ಗೇಣು ಆ ಒಂದೆಕರೆಯ ಕಡೆ ಸರಿಯುತ್ತಿತ್ತು.

ಇವತ್ತು ಬೆಳಿಗ್ಗೆಯೂ ರಾಧಿಕಾ ಬಾಗಿಲಿಗೆ ಬಂದಿದ್ದಳು. ಚರ್ಚಿನ ಸಭೆಯ ಮಕ್ಕಳಿಗೆ ಪಾಠ ಹೇಳುವ ಹುಡುಗಿ. ಆರು ವರ್ಷದಿಂದ ಆ ಫೈಲು ಹಿಡಿದು ಚಿತ್ತಾಪುರಕ್ಕೆ ತಿರುಗುತ್ತಿದ್ದವಳು ಅವಳೊಬ್ಬಳೇ.

"ಕಾಕಾ, ಇವತ್ತು ತಹಶೀಲ್ದಾರ್ ಮುಂದ ಕೊನೇ ವಿಚಾರಣೆ ಅದ. ಅರ್ಜಿಯೊಳಗ ಮೊದಲನೇ ಹೆಸರು ನಿಮ್ಮದು. ನೀವು ಬಂದು ನಿಂತ್ರ ಸಾಕು."

"ನಂದು ಮುಗದದವ್ವ. ನಾ ಓಡಿ ಮುಟ್ಟೀನಿ. ಈಗ ಬರೇ ಮ್ಯಾಲಿನ ಕರೀ ಕಾಯೋದು."

"ಖಣಿಯವರು ಮುಟ್ಯಾರ, ಕಾಕಾ. ನಾವಿನ್ನೂ ಇಲ್ಲ."

"ನನ್ನ ಮೊಣಕಾಲು ನೋಡೀಯಿಲ್ಲ. ಮ್ಯಾಲ ಇವತ್ತ ನನ್ನ ಕಲ್ಲು ಬರೋದದ."

ರಾಧಿಕಾ ಅವನ ಮೊಣಕಾಲು ನೋಡಿದಳು, ಮುಖ ನೋಡಿದಳು, ಬಸ್ಸಿಗೆ ಹೋದಳು. ಚಿತ್ತಾಪುರಕ್ಕೆ ಬಾರದ ಮೊಣಕಾಲು ಕಲ್ಲು ನೋಡಲು ಶಹಾಬಾದಿಗೆ ಮಾತ್ರ ಚೊಕ್ಕವಾಗಿ ಬಂದಿತ್ತು.

ದೇವೀಂದ್ರಪ್ಪ ಚಾ ಕುಡಿದು ಬರುವಷ್ಟರಲ್ಲಿ ಕಲ್ಲು ಇರಲಿಲ್ಲ. ಸಾಮಾನು ಹೇರುವ ಟಂಟಂ ಆಟೋ ಓಡಿಸುವ ತಾಹಿರ್, ಪಾಲಿಶ್ ಆದ ಕಲ್ಲೆಲ್ಲ ಹೇರಿಕೊಂಡು ವಾಡಿ ಕಡೆ ಹೊರಟೇ ಹೋಗಿದ್ದ. ಮೆಹತಾಬ್ ಒಳಗೆ ಅಂಟು ಕಲಸುತ್ತಲೇ ಇದ್ದ.

ಮೊಬೈಲು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದ. ಹೆಂಡತಿ ಸಾಬಮ್ಮ ಸೇಡಂನ ಮಗಳ ಮನೆಗೆ ಹೋಗಿದ್ದಳು. ದೇವೀಂದ್ರಪ್ಪ ರಸ್ತೆಗೆ ಬಂದು ಕೈ ಮಾಡಿದ. ಬಸ್ಸು ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ, ಕಂಡಕ್ಟರನ ಕಣ್ಣು ಅವನನ್ನು ದಾಟಿ ಹಿಂದಿನ ಜಾಲಿಗಿಡದ ಮೇಲೆ ಬಿತ್ತು. ಕಡೆಗೆ ಕಲ್ಲುಪುಡಿ ತುಂಬಿದ ಲಾರಿಯೊಂದು ನಿಧಾನ ಮಾಡಿತು. ಒಳಗೆ ಜಾಗವಿಲ್ಲ ಅಂತ ಮೇಲೆ ಹತ್ತಿ ಕೂತ. ರೈಲ್ವೆ ಗೇಟಿನ ಹತ್ತಿರ ಲಾರಿ ಗಕ್ಕನೆ ನಿಂತಾಗ ಮುಗ್ಗರಿಸಿ ಪುಡಿಯೊಳಗೆ ಮುಖ ಅಡಿಯಾಗಿ ಬಿದ್ದ. ಸ್ವಲ್ಪ ಹೊತ್ತು ಯಾವ ಸದ್ದೂ ಇರಲಿಲ್ಲ. ಆಮೇಲೆ ಎದ್ದ, ಅಥವಾ ಎದ್ದೆ ಅಂದುಕೊಂಡ. ಕೇರಿಯ ತಿರುವಿನಲ್ಲಿ ಇಳಿದು, "ಉಪಕಾರಾತು ತಮ್ಮಾ," ಅಂದರೆ ಡ್ರೈವರ್ ತಿರುಗಿಯೂ ನೋಡದೆ ಹೋದ.

ಕೇರಿಯಲ್ಲಿ ಯಾರೂ ಇರಲಿಲ್ಲ.

ಬಾಗಿಲುಗಳು ತೆರೆದಿದ್ದವು. ಒಂದು ಒಲೆಯ ಮೇಲೆ ಬೇಳೆ ಕುದ್ದು ಉಕ್ಕುತ್ತಿತ್ತು, ಇಳಿಸುವವರಿಲ್ಲ. ಹಗ್ಗದ ಮೇಲಿನ ಬಟ್ಟೆ, ಬೇವಿನ ಎಲೆ, ಕೋಳಿಯ ಬೆನ್ನು ಎಲ್ಲದರ ಮೇಲೂ ಖಣಿಯ ಬಿಳಿ ಧೂಳು ದಿನದಂತೆ ಕೂತಿತ್ತು. ದಿನಾ ಅವನ ಕಾಲಿಗೆ ಸುತ್ತುವ ನಾಯಿ ಇವತ್ತು ಎದ್ದು ನಿಂತು, ನೋಡಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ಹಾಕುತ್ತ ಗೋಡೆ ಮರೆಗೆ ಹೋಯಿತು. ಬೊಗಳಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಯೊಳಗೆ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಎತ್ತಿದ.

"ಯಾರ ಅದೀರಿ ಮನ್ಯಾಗ?" ಸಾಬಮ್ಮನ ಅಳುವ ದನಿ, ಹಿಂದೆ ಬಸ್ಸಿನ ಸದ್ದು. "ಹೆಣ ಬಂತೇನ್ರೀ?"

"ಸಾಬೀ, ನಾನೇ."

ಅತ್ತ ಒಂದು ಚೀರಾಟ. ಆಮೇಲೆ ಫೋನು ಕಟ್ಟಾಯಿತು. ತಿರುಗಿ ಹಚ್ಚಿದರೆ ಎತ್ತಲಿಲ್ಲ.

ಹೊರಗೆ ಬಂದರೆ ಎದುರಿನ ಅಂಗಳದ ಹೊರಸಿನ ಮೇಲೆ ಬಿಬಿಜಾನ್ ಮಲಗಿದ್ದಳು. ತೊಂಬತ್ತರ ಮುದುಕಿ, ಕಣ್ಣು ಮಂಜು, ಎದ್ದು ಓಡಾಡುವ ಶಕ್ತಿಯಿಲ್ಲ. ಅದಕ್ಕೇ ಬಿಟ್ಟು ಹೋಗಿದ್ದರು. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದೇನು ದೇವ್ಯಾ? ಇಷ್ಟ ಜಲ್ದಿ ಹೊಳ್ಳಿ ಬಿಟ್ರಾ ನಿನಗ?"

"ಯಾರು ಬಿಡೋರು, ಅಮ್ಮಾ? ನಾ ಎಲ್ಲಿಗೂ ಹೋಗಿಲ್ಲ."

"ಹೋದವರೆಲ್ಲ ಮೊದಲ ದಿನ ಹಿಂಗೇ ಅಂತಾರ. ನನ್ನ ಗಂಡನೂ ಅಂದಿದ್ದ." ಮುದುಕಿ ಎಲೆ ಅಡಿಕೆಯ ಚೀಲ ತಡಕಿದಳು. "ತಾಹಿರ್ ಕಲ್ಲು ತಂದು ಇಳಿಸಿದ. ನಮ್ಮ ಸೊಸಿ ಜಾನಬಿ ಓದಿಸಿ ನೋಡಿದ್ಲು, ಇವತ್ತಿನ ತಾರೀಖು. ಹೆಣ ಎಲ್ಲಿ ಅಂದ್ರ, ನನಗೇನ್ ಗೊತ್ತು, ಹಿಂದ ಬರ್ತದೇನೋ ಅಂದ. ಜಾನಬಿ ಬಾಯಿ ನಿನಗ ಗೊತ್ತದಲ್ಲ, ಸೇಡಂ ತನಕ ಕೇಳಿಸ್ಯಾದ."

"ಯಾರೂ ಮೆಹತಾಬಗ ಫೋನ್ ಹಚ್ಚಲಿಲ್ಲೇನು?"

"ಹಚ್ಚಿದ್ರು. ಅವನ ಮಷೀನ್ ಸದ್ದಿನಾಗ ಅವನಿಗಿ ಆಜಾನೇ ಕೇಳ್ಸಂಗಿಲ್ಲ." ಮುದುಕಿ ಅಡಿಕೆ ಬಾಯಿಗೆ ಹಾಕಿಕೊಂಡಳು. "ನಿನ್ನ ಸಭಾದ ಸೆಕ್ರೆಟರಿ, ಆ ಸಾಯಿಕುಮಾರ, ಕಲ್ಲಿನ ಬಾಜೂಕ ನಿಂತು ನಿನ್ನ ಬಗ್ಗೆ ಮಾತಾಡ್ದ. ಚಂದ ಮಾತಾಡ್ದ. ಕುಡಿತ ಬಿಟ್ಟಿ, ಮೂರು ವರ್ಷ ಚಿತ್ತಾಪುರಕ್ಕ ನಡದಿ, ಜಾಗ ಅಳತಿ ಮಾಡಿಸಿದಿ."

"ಆಮ್ಯಾಲ?"

"ಆಮ್ಯಾಲ ನೆನಪಾಗಲಿಲ್ಲ. ಚಾ ಕುಡುದ."

ದೇವೀಂದ್ರಪ್ಪ ಹೊರಸಿನ ಕಾಲು ಹಿಡಿದು ಕೂತ.

"ಜಾನಬಿ ಅಂದ್ಲು, ಇಪ್ಪತ್ತ ಮ್ಯಾಲ ಮೂರು ವರ್ಷ ಕುಂತವ ಇವತ್ತ ಮಲಗ್ಯಾನ, ಫರಕ್ ಏನು ಅಂತ. ಹೆಣ್ಮಕ್ಳು ನಕ್ಕು ಬಿಟ್ರು. ಸತ್ತ ಮನಿ ಅಂತ ಮತ್ತ ಅತ್ರು." ಮುದುಕಿ ಕೈ ಬೀಸಿ ಬಯಲ ಕಡೆ ತೋರಿಸಿದಳು. "ಎಲ್ಲಾರೂ ನಿನ್ನ ಕುಣಿ ತೋಡಾಕ ಹೋಗ್ಯಾರ. ನಡಿ, ನೀನೇ ಇಲ್ದ ಹ್ಯಾಂಗ ಹೂಳ್ತಾರ."

ಅವಮಾನ ಅವನ ಮೊಣಕಾಲಿಗೆ ಎಣ್ಣೆ ಹಾಕಿತು. ಹತ್ತಿರದ ದಾರಿ ಅಂತ ಬಿಟ್ಟ ಖಣಿಯ ಅಂಚು ಹಿಡಿದ. ಕಲ್ಲು ತೆಗೆದು ಮುಗಿಸಿ ಯಾರೋ ಬಿಟ್ಟುಹೋದ ಗುಂಡಿ, ಹತ್ತಾಳು ಆಳ, ಹಸಿರು ನೀರು. ಕೆಲಸಕ್ಕಿದ್ದಾಗ ಅದರೊಳಗೆ ಮೂರು ಮಂದಿ ಗೆಳೆಯರು ಬಂಡೆ ಬಿದ್ದು ಸತ್ತಿದ್ದರು. ಯಾವ ಕಾಗದದಲ್ಲೂ ಆ ಮೂರು ಸಾವು ಬರಲಿಲ್ಲ. ನಡುಹಗಲು. ಗಾಳಿ ಇಲ್ಲ. ಹೆಣ ಹೂಳುವಾಗ ತನ್ನ ಸಭೆಯವರು ಹಾಡುವ ಹಾಡು ಕೇಳಿಸಿತು. ಬಯಲಿನಿಂದ ಅಲ್ಲ, ನೀರಿನ ಒಳಗಿಂದ.

ಗೋಡೆಗೆ ಬಡಿದು ಬರುವ ಸದ್ದು, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡು ಬಗ್ಗಿ ನೋಡಿದ. ನೀರಿನಲ್ಲಿ ಬಿಳಿ ಮನುಷ್ಯನೊಬ್ಬ ತಲೆ ಕೆಳಗಾಗಿ ನಿಂತಿದ್ದ. ಹುಬ್ಬು ಬಿಳಿ, ತುಟಿ ಬಿಳಿ, ಕಣ್ಣಿನ ಜಾಗದಲ್ಲಿ ಎರಡು ತೂತು. ರೈಲ್ವೆ ಗೇಟಿನ ಹತ್ತಿರ ಪುಡಿಯೊಳಗೆ ಬಿದ್ದದ್ದು ನೆನಪಾಯಿತು. ಅಲ್ಲಿಂದ ಎದ್ದವನು ಯಾರು?

ದೇವೀಂದ್ರಪ್ಪ ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದ. "ತಂದೇ" ಅಂದ. ಮುಂದಿನ ಮಾತು ಬರಲಿಲ್ಲ. ಹುಡುಕಿದ. ಬಾಯಿ ತೆರೆದರೆ ಬಂದದ್ದು ದೇವರು ತನ್ನನ್ನು ಬದಲಿಸಿದ ಬಗೆಯನ್ನು ಪ್ರತಿ ವರ್ಷ ಚರ್ಚಿನಲ್ಲಿ ಹೇಳುವ ಸಾಕ್ಷಿ: "ತೊಂಬತ್ತೆಂಟನೇ ಇಸವಿಯೊಳಗ ನಾನೊಬ್ಬ ದೊಡ್ಡ ಕುಡುಕ ಇದ್ದೆ..." ನಿಲ್ಲಿಸಬೇಕೆಂದರೂ ನಿಲ್ಲದೆ ಅದು ತಾನಾಗಿ ಓಡಿತು. ಎರಡನೇ ವಾಕ್ಯದ ಮೇಲೆ ಯಾವಾಗಲೂ ಬರುವ ಕೆಮ್ಮು ಬಂತು. ಒಂದು ಗಳಿಗೆ ಬಿಟ್ಟು ನೀರೂ ಕೆಮ್ಮಿತು.

ಅವನು ಓಡಿದ. ಇಪ್ಪತ್ಮೂರು ವರ್ಷದ ಮೇಲೆ ಮೊದಲ ಸಲ ಓಡಿದ.

ಆ ಒಂದೆಕರೆಯ ಮೇಲೆ ಕೇರಿಯೆಲ್ಲ ಸೇರಿತ್ತು. ನಡುವೆ ಹೊಸ ಕುಣಿ, ತಲೆಯ ಕಡೆ ಅವನ ಕಲ್ಲು ನೇರ ನಿಂತಿತ್ತು. ಬೇವಿನ ನೆರಳಲ್ಲಿ ತಹಶೀಲ್ದಾರರ ಜೀಪು. ಅದರ ಮೂತಿಯ ಮೇಲೆ ಕಾಗದ ಹರಡಿಕೊಂಡು ಗುಮಾಸ್ತ ಶರಣಬಸಪ್ಪ ನಿಂತಿದ್ದ. ತಹಶೀಲ್ದಾರರ ಕೈಯಲ್ಲಿ ಪೆನ್ನಿತ್ತು. ಸ್ವಲ್ಪ ದೂರದಲ್ಲಿ ಖಣಿ ಮಾಲೀಕನ ಮನುಷ್ಯ, ಬಿಸಿಲು ಕನ್ನಡಕ ಹಾಕಿಕೊಂಡು, ಹಲ್ಲು ನೋವು ಬಂದವನ ಹಾಗೆ ಮುಖ ಮಾಡಿಕೊಂಡಿದ್ದ.

ಬಿಳಿ ಮನುಷ್ಯ ಖಣಿಯ ಅಂಚಿನಿಂದ ಎದ್ದು ಬಂದಾಗ ಹಾಡು ನಡುವೆಯೇ ನಿಂತಿತು. ಜಾನಬಿ ಏನೋ ಮಂತ್ರಿಸುತ್ತ ಜೀಪಿನ ಹಿಂದೆ ಹೋದಳು. ಕುಣಿಯೊಳಗೆ ಮಣ್ಣು ಎತ್ತುತ್ತಿದ್ದವರು ಸಲಿಕೆ ಬಿಟ್ಟು ಮೇಲೆ ಹಾರಿದರು.

"ಯಾರಿವರು?" ಎಂದರು ತಹಶೀಲ್ದಾರರು.

ಶರಣಬಸಪ್ಪ ಫೈಲಿಗೆ ಅಂಟಿಸಿದ ಹಳೇ ಫೋಟೊ ನೋಡಿದ. "ಮೃತರು ಇರಬೇಕು, ಸರ್."

"ನಾ ಸತ್ತಿಲ್ಲ," ಎಂದ ದೇವೀಂದ್ರಪ್ಪ ಏದುಸಿರಲ್ಲಿ. "ಮಷೀನು ತಪ್ಪ ಮಾಡ್ಯಾದ. ನೋಡ್ರಿ, ನಾ ಜೀವಂತ ಅದೀನಿ."

ಯಾರೂ ಹತ್ತಿರ ಬರಲಿಲ್ಲ. ಸಾಯಿಕುಮಾರ ಸಭೆಯ ಸೆಕ್ರೆಟರಿ ಆದ ತಪ್ಪಿಗೆ ಎರಡು ಹೆಜ್ಜೆ ಮುಂದೆ ಬಂದ. "ದೇವೀಂದ್ರಪ್ಪನೋರೇ ಆದ್ರ ನಿಮ್ಮ ಸಾಕ್ಷಿ ಹೇಳ್ರಿ ನೋಡೋಣು."

"ತೊಂಬತ್ತೆಂಟನೇ ಇಸವಿಯೊಳಗ ನಾನೊಬ್ಬ ದೊಡ್ಡ ಕುಡುಕ ಇದ್ದೆ," ಎಂದು ಶುರು ಮಾಡಿದ. ಎರಡನೇ ವಾಕ್ಯಕ್ಕೆ ಹಿಂದಿನ ಸಾಲಿನ ಹೆಂಗಸರು ದನಿ ಕೂಡಿಸಿದರು. ಮೂರನೆಯದಕ್ಕೆ ಇಡೀ ಕೇರಿ ಕೂಡಿತು. ಕೆಮ್ಮಬೇಕಾದಲ್ಲಿ ಎಲ್ಲರೂ ಒಟ್ಟಿಗೆ ಕೆಮ್ಮಿದರು. ನಗಲಿಕ್ಕಲ್ಲ, ರೂಢಿ.

"ಇದು ನಮಗೂ ಬರ್ತದ," ಎಂದಳು ಜಾನಬಿ ಜೀಪಿನ ಹಿಂದಿನಿಂದ. "ಚರ್ಚಿನ ಒಳಗ ಕಾಲಿಡಲಾರದ ನನಗೂ ಬರ್ತದ. ದೆವ್ವಕ್ಕ ಬರಂಗಿಲ್ಲೇನು?"

"ಖರೇ ಅದ," ಎಂದ ಸಾಯಿಕುಮಾರ. "ಹೊಸಾದೇನರ ಹೇಳ್ರಿ. ಜಾಗ ಅಳತಿ ಮಾಡಿಸಿದ ಮ್ಯಾಲಿಂದು. ದೇವರು ನಿಮ್ಮ ಸಂಗಡ ಏನ್ ಮಾಡ್ಯಾನ, ನೀವು ದೇವರ ಸಂಗಡ ಏನ್ ಮಾಡೀರಿ. ಒಂದೇ ಒಂದು ಸಾಕು."

ದೇವೀಂದ್ರಪ್ಪ ಬಾಯಿ ತೆರೆದ. ಕೇರಿ ಕಾಯಿತು. ದೂರದಲ್ಲಿ ಮಧ್ಯಾಹ್ನದ ಸಿಡಿಮದ್ದು ಹಾರಿ ನೆಲ ನಡುಗಿತು, ಕುಣಿಯ ಅಂಚಿನಿಂದ ಒಂದು ಬೊಗಸೆ ಮಣ್ಣು ಒಳಗೆ ಜಾರಿತು. ಇಪ್ಪತ್ಮೂರು ವರ್ಷದ ಭಾನುವಾರಗಳನ್ನು ಒಂದೊಂದಾಗಿ ತಿರುವಿ ನೋಡಿದ. ಎಲ್ಲದರಲ್ಲೂ ಒಂದು ಕುರ್ಚಿ, ಅದರ ಮೇಲೆ ತಾನು. ಬಾಯಿ ತೆರೆದೇ ಇತ್ತು. ಜನ ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಆಗ ರಾಧಿಕಾ ಮುಂದೆ ಬಂದಳು. ಅಳುತ್ತಿದ್ದ ಕಣ್ಣು ಇನ್ನೂ ಕೆಂಪಗಿತ್ತು. ಕೈಯಳತೆಯಷ್ಟು ಹತ್ತಿರ ನಿಂತು ಮೆಲ್ಲಗೆ ಕೇಳಿದಳು: "ಇವತ್ತ ಮುಂಜಾನಿ ನಿಮ್ಮ ಬಾಗಿಲಿಗಿ ಬಂದು ಏನ್ ಕೇಳಿದೆ?"

"ಚಿತ್ತಾಪುರಕ್ಕ ಬರ್ರಿ ಅಂದಿ."

"ನೀವೇನಂದ್ರಿ?"

ಅವನು ನೆಲ ನೋಡಿದ. "ಒಲ್ಲೆ ಅಂದೆ."

ಅದು ಅವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವಳು ಕೈ ಚಾಚಿ ಅವನ ಕೆನ್ನೆಯ ಪುಡಿ ಒರೆಸಿದಳು. ಕೆಳಗೆ ಬೆಚ್ಚಗಿನ ಕಪ್ಪು ಚರ್ಮ ಕಂಡಿತು. ಅವಳ ಮುಖದಲ್ಲಿ ಒಂದು ಗಳಿಗೆ ಸಂತೋಷ ಬಂದು, ಆಮೇಲೆ ದೀಪ ಆರಿದ ಹಾಗೆ ಆಯಿತು. ತಹಶೀಲ್ದಾರರ ಕಡೆ ತಿರುಗಿ, ಒಮ್ಮೆ ಕಣ್ಣು ಮುಚ್ಚಿ ತೆರೆದು ಹೇಳಿದಳು: "ಜೀವಂತ ಅದಾರ, ಸಾಹೇಬ್ರ."

ತಹಶೀಲ್ದಾರರು ಪೆನ್ನಿಗೆ ಮುಚ್ಚಳ ಹಾಕಿದರು. ಖಣಿ ಮನುಷ್ಯನ ಹಲ್ಲು ನೋವು ವಾಸಿಯಾಯಿತು.

"ಯಾಕ್ರಿ, ಏನಾತು?" ಎಂದ ದೇವೀಂದ್ರಪ್ಪ.

"ಇವತ್ತು ಅರ್ಜಿ ಖಾರಿಜ್ ಮಾಡಿ ತಗದ್ ಹಾಕಾಕತ್ತಿದ್ರು, ಕಾಕಾ," ಎಂದಳು ರಾಧಿಕಾ. "ಒಂದ್ ಹೆಣನೂ ಹೂಳಿಲ್ಲ, ಇದು ಸ್ಮಶಾನ ಹ್ಯಾಂಗ ಅಂದ್ರು. ಅಷ್ಟರಾಗ ನಿಮ್ಮ ಸುದ್ದಿ ಬಂತು. ನಾ ಅಲ್ಲೇ ಕುಸದು ಕುಂತೆ. ಈ ಸಾಹೇಬ್ರಿಗೂ ಕರಳು ಚುರ್ ಅಂತು. ಈ ಜಾಗಕ್ಕ ಹೋರಾಡ್ದ ಮನಷ್ಯಾನ ಹೂಳಾಕ ನಾನೇ ಪರವಾನಗಿ ಕೊಡ್ತೀನಿ, ನಿಂತು ನೋಡ್ತೀನಿ, ನೋಡಿ ಅಲ್ಲೇ ಆದೇಶ ಬರೀತೀನಿ ಅಂದ್ರು. ಬರಿಯಾಕತ್ತಿದ್ರು."

ದೇವೀಂದ್ರಪ್ಪ ಕೇರಿಯವರನ್ನು ನೋಡಿದ. ಯಾರೂ ಬೈಯಲಿಲ್ಲ. ರೈಲು ಹಳಿಯ ತಗ್ಗಿನಲ್ಲಿ ತಾಯಿಯನ್ನು ಹೂಳಿದವರು, ಮಗುವನ್ನು ಹೂಳಿದವರು, ಸುಮ್ಮನೆ ಅವನನ್ನು ನೋಡುತ್ತಿದ್ದರು. ಇಪ್ಪತ್ಮೂರು ವರ್ಷದಲ್ಲಿ ಅವನು ಓಡಿದ್ದು ಒಂದೇ ಸಲ, ಅದೂ ಬರಬಾರದ ಹೊತ್ತಿನಲ್ಲಿ.

"ಸಾಹೇಬ್ರ," ಎಂದ, ಕುಣಿಯ ಹತ್ತಿರ ಹೋಗಿ. "ನಾ ಒಳಗ ಇಳೀತೀನಿ. ನೀವು ಬರೀರಿ. ನಂದು ಹ್ಯಾಂಗೂ ಮುಗದದ."

"ಜೀವ ಇರುವವರನ್ನು ಹೂಳಲು ಕಾನೂನಿನಲ್ಲಿ ಅವಕಾಶವಿಲ್ಲ," ಎಂದರು ತಹಶೀಲ್ದಾರರು. ಪಾಪ, ಅವರ ದನಿಯಲ್ಲೂ ಬೇಸರವಿತ್ತು. "ಖಾರಿಜ್ ಮಾಡುವ ಮನಸ್ಸೂ ಆಗುತ್ತಿಲ್ಲ. ಯಥಾಸ್ಥಿತಿ ಅಂತ ಬರೀರಿ, ಶರಣಬಸಪ್ಪ."

ಶರಣಬಸಪ್ಪ ಬರೆದು ಓದಿದ: ವಿಚಾರಣೆ ಮೊದಲಿನಿಂದ ನಡೆಯತಕ್ಕದ್ದು. ಮೊದಲನೇ ಅರ್ಜಿದಾರರು ಪ್ರತಿ ಸೋಮವಾರ ಖುದ್ದು ಹಾಜರಿರತಕ್ಕದ್ದು. ತೀರ್ಪಿನವರೆಗೆ ಜಾಗ ಇವತ್ತು ಹೇಗಿದೆಯೋ ಹಾಗೇ ಇರತಕ್ಕದ್ದು. ಖಣಿಯವರು ಬರುವಂತಿಲ್ಲ, ಕುಣಿ ಮುಚ್ಚುವಂತಿಲ್ಲ, ಕಲ್ಲು ಕೀಳುವಂತಿಲ್ಲ, ಕುಣಿಯಲ್ಲಿ ಯಾರನ್ನೂ ಹೂಳುವಂತಿಲ್ಲ. ಕುಣಿ ಖಾಲಿ ಇರುವಂತೆ ನೋಡಿಕೊಳ್ಳುವ ಜವಾಬ್ದಾರಿ ಅರ್ಜಿದಾರರದು.

"ನಡುವ ನಾ ಸತ್ರ?" ಎಂದ ದೇವೀಂದ್ರಪ್ಪ.

"ಸಾಯಂಗಿಲ್ಲ," ಎಂದ ಶರಣಬಸಪ್ಪ, ಕಾಗದ ಮಡಚುತ್ತ. "ಇವತ್ತ ನೀವು ಜೀವಂತ ಅಂತ ದಾಖಲಾಗ್ಯಾದ. ಇನ್ನ ಸತ್ರ, ಪುರಾವೆ ಸಲುವಾಗಿ ಬೇಕಂತ ಸತ್ತಾರ ಅಂತ ಖಣಿಯವರು ತಕರಾರು ತಗೀತಾರ. ಕೇಸು ಬಿದ್ದು ಹೋಗ್ತದ."

"ಎಷ್ಟ ದಿನ ನಡೀತದ್ರಿ?"

ಶರಣಬಸಪ್ಪ ಹಳೇ ಫೈಲಿನ ದಪ್ಪ ನೋಡಿದ, ಹೊಸ ಕಾಗದ ನೋಡಿದ. "ಅದು ಇಪ್ಪತ್ಮೂರು ವರ್ಷ ಹಿಡೀತಲ್ರಿ. ಇದೂ ಅಷ್ಟೇ."

ಜೀಪು ಹೋಯಿತು. ಖಣಿ ಮನುಷ್ಯನೂ ಹೋದ. ಕೇರಿಯವರು ಸಲಿಕೆ ಹೆಗಲಿಗೇರಿಸಿಕೊಂಡು ಒಬ್ಬೊಬ್ಬರೇ ತಿರುಗಿದರು. ದೇವೀಂದ್ರಪ್ಪ ಒಂದು ಗಳಿಗೆ ದಣಿವಾರಿಸಿಕೊಳ್ಳೋಣ ಅಂತ ಕುಣಿಯ ಅಂಚಿನ ಮೇಲೆ ಮೆಲ್ಲಗೆ ಕೂತ.

"ಅಲ್ಲಿ ಕೂಡಬ್ಯಾಡ್ರಿ, ಕಾಕಾ," ಎಂದಳು ರಾಧಿಕಾ, ಫೈಲು ಅವನ ಕೈಗೆ ಕೊಡುತ್ತ. "ಮಣ್ಣು ಜಾರಿ ಒಳಗ ಬಿದ್ರ ಕುಣಿ ಖಾಲಿ ಉಳಿಯಂಗಿಲ್ಲ. ಸೋಮವಾರ ಏಳರ ಬಸ್ಸು."

ದೇವೀಂದ್ರಪ್ಪ ಎದ್ದು ನಿಂತ.